ಹಲ್ಲಿನ ಪಾಲು

ಹುಬ್ಬಳ್ಳಿ ಸ್ಟೇಷನ್ ರೋಡಿನ ಅಂಗಡ್ಯಾಗ
"ಯಾರಿಗ್ರೀ ಅಕ್ಕಾರ, ಮನಿಯವರಿಗೇನು?" ಅಂದ.
"ನನಗ" ಅಂದೆ.
ಡಬ್ಬಿ ಒಳಗಿಟ್ಟು
ಸಣ್ಣದೊಂದು ತಗದು ತೋರಿಸಿದ.
ನಾ ದೊಡ್ಡದರ ಕಡೆ ಬೆರಳು ಮಾಡಿದೆ.

ತುಟ್ಟಿಭತ್ಯೆದ ಬಾಕಿ ಬಂದಿತ್ತು.
ಬಳಿ ಮಾಡಿಸ್ಕೊ ಅಂದಿದ್ದಳು ತಂಗಿ.

ಬಸ್ಸಿನ್ಯಾಗ, ತೊಡಿ ಮ್ಯಾಲ, ನಾಲ್ಕು ಕಿಲೋ.
ಅಣ್ಣಿಗೇರಿ ದಾಟೂದ್ರಾಗ ಕಾಲು ಜೋಮು ಹಿಡೀತು.
"ಮಿಕ್ಸರ್ ಏನ್ರೀ?" ಕಂಡಕ್ಟರ ಕೇಳಿದ.
ಹೂಂ ಅಂದೆ. ಯಾಕ ಹೂಂ ಅಂದೆನೋ,
ಬೆಟಗೇರಿ ಮುಟ್ಟೂತನಕ ಅದ ವಿಚಾರ.

ಬಿಚ್ಚಿದೆ. ಥರ್ಮಾಕೋಲು ಕಿರ್ರ್ ಅಂತು.
ಹಸಿರು ಮೈ, ಕರೇ ಹಿಡಿಕಿ,
ಹಲ್ಲು ಇಪ್ಪತ್ನಾಲ್ಕು. ಎಣಿಸಿದೆ, ಎರಡು ಸಲ,
ಗಣಿತದ ಅಕ್ಕೋರ ಚಟ.
ವಾಯರ್ ಮಾತ್ರ ಗಿಡ್ಡ: ಅಡಗಿಮನಿ ಪ್ಲಗ್ಗಿನಿಂದ
ಹೊಸ್ತಿಲಕ್ಕ ಬರ್ತೈತಿ, ಹಿತ್ತಲಕ್ಕ ಬರಂಗಿಲ್ಲ.
ಜೊತಿಗಿದ್ದ ಪುಸ್ತಕದಾಗ ಹದಿನಾಲ್ಕು ಭಾಷೆ,
ನಮ್ಮದಿಲ್ಲ. ಚಿತ್ರ ನೋಡಿ ತಿಳಕೊಂಡೆ:
ಒಂದು ಕಣ್ಣು, ಒಂದು ಕಿವಿ, ಐದು ಬೆರಳು,
ಬೆರಳಿನ ಮ್ಯಾಲ ಕೆಂಪು ಅಡ್ಡಗೆರಿ.

ಗುಂಡಿ ಒತ್ತಿದಾಗ
ಅದು ಕೈಯಾಗ ಹೊರಳಿತು,
ಗಿರಮಿಟ್ ಬಂಡಿ ಮುಂದ
ಕೈ ಬಿಡಿಸ್ಕೊಳ್ಳೂ ಹುಡುಗನಂಗ.
ಓಣಿ ನಾಯಿ ಮೂರೂ ಎದ್ದು ಹ್ವಾದವು.
ಗ್ವಾಡಿ ಆಚೆಯಿಂದ ರುಕ್ಮವ್ವ:
"ಗಿರಣಿ ಹಾಕಿಸಿದೇನ ಯವ್ವಾ? ಜ್ವಾಳ ತರ್ಲೇನು?"

ಕೊಯ್ಯಾಕ ಇದ್ದದ್ದು ಸಾಲಿ ಬೆಂಚು.
ಸವಾಲಿನ್ಯಾಗ ಎಪ್ಪತ್ತು ರೂಪಾಯಿ,
ಕಾಲು ಮುರದದ್ದು, ಹಲಗಿ ಸಾಗವಾನಿ.
ಮೂರು ಫೂಟು. ನಡಕ ಕೊಯ್ದರ
ಒಂದೂವರಿ, ಒಂದೂವರಿ:
ಕೂಡೂ ಮಣಿ ಎರಡು.
ಗೆರಿ ಹೊಡದೆ. ಅದು ಬಂದು ಬಿದ್ದದ್ದು
ಒಂದು ಹೆಸರಿನ ಮ್ಯಾಲ,
ಕೈವಾರದ ಮೊನಿಯಿಂದ ಕೆತ್ತಿದ್ದು:
ಫಕೀರೇಶ, ಏಳನೇ ಬ.
ಗೊತ್ತಿತ್ತು. ಆ ಕೈವಾರ ಕಸಗೊಂಡಾಕಿ ನಾನ.
ಉತ್ತರಪತ್ರಿಕಿ ಮ್ಯಾಲ ತನ್ನ ಹೆಸರಿನ ದೀರ್ಘ ಮರಿತಿದ್ದ,
ಬೆಂಚಿನ ಮ್ಯಾಲ ಮರತಿದ್ದಿಲ್ಲ.
ಈಗ ಹೆಸ್ಕಾಂದಾಗ ಲೈನ್‌ಮನ್.
ಕಂಬದ ಮ್ಯಾಲಿಂದ "ನಮಸ್ಕಾರ್ರೀ ಅಕ್ಕೋರ" ಅಂತಾನ,
ಎರಡೂ ಕೈ ಬಿಟ್ಟು.
ಬೈತೀನಿ.

ಬೆಣ್ಣಿ ಕೊಯ್ಧಂಗ ಅಂದಿದ್ದ ಅಂಗಡಿಯವ.
ಅಲ್ಲ. ಅರ್ಧಕ್ಕ ಹಿಡಕೊಂತು, ಹೊಗಿ ಬಂತು,
ಮೂವತ್ತು ವರ್ಷದ ಶಾಯಿ, ಬೆವರು, ಬುತ್ತಿಯ ಶೇಂಗಾ ಹಿಂಡಿ
ಎಲ್ಲಾ ಒಮ್ಮೆಲೇ ಕಾದಂಗ ವಾಸನಿ.
ಆಗ ಕರೆಂಟು ಹೋತು.
ಅವನ ಹೆಸರಿನ ನಟ್ಟನಡುವ, ಬ್ಲೇಡು ಒಳಗ.
ಯಾರೂ ನಂಬಂಗಿಲ್ಲ ಇದನ್ನ.
ಪ್ಲಗ್ಗು ಕಿತ್ತು, ಹಲಗಿ ಹಿಡಕೊಂಡು
ಇಪ್ಪತ್ತು ನಿಮಿಷ ಕುಂತೆ.

ಬಂತು. ಮುಗಿಸಿದೆ.
ಎರಡೂ ತುಂಡು ಜೋಡಿಸಿ ನೋಡಿದೆ.
ಎಡಕ 'ಫಕೀರೆ', ಬಲಕ 'ಶ'.
ದೀರ್ಘ ಇಲ್ಲ.

ಅಳದೆ. ಮೂರು ಫೂಟು ಆಗವಲ್ದು.
ಇಪ್ಪತ್ತೆರಡು ವರ್ಷ
ಕರೇ ಹಲಗಿ ಮ್ಯಾಲ ಎಷ್ಟು ಕೊಯ್ದಿಲ್ಲ ನಾನು,
ಹಗ್ಗ, ರೊಟ್ಟಿ, ನಾಲ್ಕು ಮಂದಿ ಅಣ್ಣತಮ್ಮರ ಹೊಲ,
ಒಂದು ಸಲಾನೂ ಪುಡಿ ಬಿದ್ದಿದ್ದಿಲ್ಲ,
ಸೀಮೆಸುಣ್ಣದ್ದು ಬಿಟ್ಟು.

ಸದ್ದು ಕೇಳಿ ಮೋನಪ್ಪ ಬಡಿಗೇರ ಬಂದ.
ಮಿಷನ್ ನೋಡಲಿಲ್ಲ. ಕೊಯ್ದ ಅಂಚಿನ ಮ್ಯಾಲ
ಹೆಬ್ಬಟ್ಟು ಎಳದು ನೋಡಿದ.
"ಗೆರಿ ಮ್ಯಾಲ ಕೊಯ್ಬಾರ್ದ್ರಿ ಅಕ್ಕೋರ, ಬಾಜೂಕ.
ಹಲ್ಲಿಗೂ ಒಂದು ಪಾಲು ಇಡಬೇಕು."
ಅವನ ಎಡಗೈ ತೋರುಬೆರಳು
ಅರ್ಧ ಐತಿ.
ಕೇಳಲಿಲ್ಲ ನಾನು. ಚಾ ಕುಡದು ಹ್ವಾದ.

ಬಾಗಿಲ ಸಂದ್ಯಾಗ, ಸೀರಿ ನಿರಿಗ್ಯಾಗ, ಹುಬ್ಬಿನ್ಯಾಗ
ಹಳದಿ ಪುಡಿ.
ಇದರಾಗ ಎಲ್ಲೋ ಐತಿ ಆ ದೀರ್ಘ.
ಕಸಬರಿಗಿ ತಂದೆ, ಬಳಿಯಲಿಲ್ಲ ಇನ್ನೂ.

ಸೋಮವಾರ ಭಾಗಾಕಾರ.
ಹಲಗಿ ಲೆಕ್ಕ ಹಾಕೂದೋ ಬ್ಯಾಡೋ.
ಈ ಸಲ
ರೊಟ್ಟಿನ ಇರಲಿ.